ಊರ ಉಸಾಬರಿ: ಬಿಲ್ ಪಾಸಾಗುವ ಮುಂಚೆ ಕೇಳಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕಾರವಾರದಿಂದ ಭಟ್ಕಳದವರೆಗಿನ ಕರಾವಳಿ ಊರುಗಳಿಂದ ಬಂದವು, ಉಳಿದವು ಶಿರಸಿ ಕಡೆಯವು. ಒಬ್ಬರದು ಡಾಂಬರು, ಇನ್ನೊಬ್ಬರದು ಗಟಾರ, ಮತ್ತೊಬ್ಬರದು ಟ್ಯಾಂಕರ್ ನೀರು. ದುಡ್ಡು ಖರ್ಚಾಗಿದೆ, ಕೆಲಸ ಮಾತ್ರ ಕಾಣುವುದಿಲ್ಲ ಎಂಬ ತಕರಾರು ಎಲ್ಲದರಲ್ಲೂ ಇದೆ. ಬರೆದವರ ಹೆಸರು, ಊರು, ವಾರ್ಡು ಬಿಟ್ಟಿದ್ದೇವೆ. ಉದ್ದದ ಪತ್ರಗಳನ್ನು ಪ್ರಶ್ನೆಯಷ್ಟಕ್ಕೆ ಇಳಿಸಿದ್ದೇವೆ, ಪ್ರತಿ ಪ್ರಶ್ನೆಯ ಕೆಳಗೆ ನಮ್ಮ ಉತ್ತರವಿದೆ.

ನಮ್ಮ ಓಣಿಯ ಸುಮಾರು 200 ಮೀಟರ್ ರಸ್ತೆಗೆ ಮಾರ್ಚ್ ಕೊನೆಯಲ್ಲಿ ಡಾಂಬರು ಹಾಕಿದರು. ಜೂನ್ ಮೊದಲ ಮಳೆಗೇ ಹಾಳೆಯ ಹಾಗೆ ಎದ್ದು ಬಂತು. ಎಂಜಿನಿಯರರನ್ನು ಕೇಳಿದರೆ ‘ಮಳೆ ಹೆಚ್ಚು, ಏನು ಮಾಡುವುದು’ ಎನ್ನುತ್ತಾರೆ. ನಾವು ಯಾವ ಕಾಗದ ಕೇಳಬೇಕು, ಯಾರನ್ನು ಕೇಳಬೇಕು?

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದು ಅಂದಾಜುಪಟ್ಟಿ ಮಾಡುವವರಿಗೂ ಗೊತ್ತು, ಗುತ್ತಿಗೆದಾರರಿಗೂ ಗೊತ್ತು. ಮಳೆ ನೆಪವಾಗಲಾರದು. ಡಾಂಬರು ಹಾಳೆಯಾಗಿ ಏಳುವುದಕ್ಕೆ ಸಾಮಾನ್ಯವಾಗಿ ಕಾರಣ ಅದು ಕೆಳಗಿನ ಪದರಕ್ಕೆ ಅಂಟದೇ ಇರುವುದು. ಹಳೆಯ ರಸ್ತೆಯ ಮಣ್ಣು, ಧೂಳು ಗುಡಿಸದೆ ಹಾಕಿರುತ್ತಾರೆ, ಇಲ್ಲವೇ ಅಂಟುಪದರ, ಅಂದರೆ ಟ್ಯಾಕ್ ಕೋಟ್, ಬಳಿದಿರುವುದಿಲ್ಲ. ಹಳೆ ಡಾಂಬರಿನ ಮೇಲೆ ಚದರ ಮೀಟರಿಗೆ 200ರಿಂದ 300 ಗ್ರಾಂ ಎಮಲ್ಷನ್, ಅಂದರೆ ನೀರಿನೊಂದಿಗೆ ಬೆರೆಸಿದ ತೆಳು ಡಾಂಬರು, ಸಿಂಪಡಿಸಬೇಕು. ನಿಮ್ಮ ಓಣಿ 3 ಮೀಟರ್ ಅಗಲವಿದ್ದರೆ 600 ಚದರ ಮೀಟರಾಯಿತು, ಅದಕ್ಕೆ 120ರಿಂದ 180 ಕಿಲೋ ಬೇಕು. ಒಂದು ಡಬ್ಬಿಯಲ್ಲಿ ತಂದು ಪೊರಕೆಯಿಂದ ಚಿಮುಕಿಸಿದರೆ ಮುಗಿಯುವ ಕೆಲಸವಲ್ಲ.

ಎರಡನೇ ಕಾರಣ ಬಿಸಿ. ಡಾಂಬರು ಮಿಶ್ರಣ ಪ್ಲಾಂಟಿನಿಂದ 150ರಿಂದ 165 ಡಿಗ್ರಿಯಲ್ಲಿ ಹೊರಡಬೇಕು, ಹಾಸುವಾಗ 140ರ ಆಸುಪಾಸಿನಲ್ಲಿರಬೇಕು, 90ಕ್ಕೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿದಿರಬೇಕು. ಪ್ಲಾಂಟು ದೂರದಲ್ಲಿದ್ದು, ಟಿಪ್ಪರಿಗೆ ತಾಡಪಾಲು ಹೊದಿಸದೆ ಬಂದು, ರಸ್ತೆಗೆ ಸುರಿದ ಮೇಲೂ ರೋಲರಿಗಾಗಿ ಕಾದರೆ ಜಲ್ಲಿ ಒಂದಕ್ಕೊಂದು ಕಚ್ಚುವುದಿಲ್ಲ. ಸಂಜೆ ಹೊತ್ತಿಗೆ ಕಪ್ಪಗೆ ಚೆಂದ ಕಾಣುತ್ತದೆ. ಮಳೆನೀರು ಒಳಗೆ ಇಳಿದಾಗ ನಿಜ ತಿಳಿಯುತ್ತದೆ.

ಮೂರನೆಯದು ದಪ್ಪ. ಇದನ್ನು ನೀವೇ ಅಳೆಯಬಹುದು. ಕಿತ್ತು ಬಂದ ಜಾಗದ ಅಂಚಿನಲ್ಲಿ ಸ್ಟೀಲ್ ಸ್ಕೇಲು ನೆಟ್ಟಗೆ ನಿಲ್ಲಿಸಿ ಫೋಟೋ ತೆಗೆಯಿರಿ. ಒಂದೇ ಕಡೆ ಬೇಡ. ರಸ್ತೆಯ ಎರಡೂ ತುದಿ, ನಡುವೆ ಮೂರ್ನಾಲ್ಕು ಕಡೆ ತೆಗೆದು, ಪ್ರತಿ ಫೋಟೋದಲ್ಲೂ ಹತ್ತಿರದ ಮನೆಯ ಗೇಟೋ ಕಂಬವೋ ಕಾಣುವಂತಿರಲಿ. ಅಂದಾಜುಪಟ್ಟಿಯಲ್ಲಿ 25 ಮಿಲಿಮೀಟರ್ ಎಂದಿದ್ದರೆ, 200 ಮೀಟರ್ ಉದ್ದ, 3 ಮೀಟರ್ ಅಗಲಕ್ಕೆ 15 ಘನಮೀಟರ್ ಮಿಶ್ರಣ ಬೇಕು. ಘನಮೀಟರಿಗೆ ಸುಮಾರು 2.3 ಟನ್ ಎಂದರೆ 34 ಟನ್ ಚಿಲ್ಲರೆ. 10 ಟನ್ನಿನ ಟಿಪ್ಪರು ಮೂರೂವರೆ ಲೋಡು. ಅಂದು ನಿಮ್ಮ ಓಣಿಗೆ ಎರಡೇ ಲೋಡು ಬಂದದ್ದನ್ನು ಯಾರಾದರೂ ಕಂಡಿದ್ದರೆ ಉಳಿದದ್ದನ್ನು ಹೇಳಬೇಕಾದವರು ಎಂಜಿನಿಯರರು.

ಇನ್ನು ಕಾಗದದ ಮಾತು. ಒಂದು ಕಾಮಗಾರಿಯ ಕಡತದಲ್ಲಿ ಕ್ರಿಯಾಯೋಜನೆ, ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕರಾರು, ಕಾರ್ಯಾದೇಶ, ಅಳತೆ ಪುಸ್ತಕ, ಗುಣಮಟ್ಟ ಪರೀಕ್ಷಾ ವರದಿ, ಬಿಲ್ಲು ಎಲ್ಲ ಇರುತ್ತವೆ. ಎಲ್ಲವನ್ನೂ ಕೇಳಿದರೆ ನೂರಾರು ಪುಟ ಬರುತ್ತದೆ, ಓದುವವರು ಯಾರೂ ಇರುವುದಿಲ್ಲ. ಅಂದಾಜುಪಟ್ಟಿ, ಕರಾರು, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು ಸಿಕ್ಕರೆ ಮುಕ್ಕಾಲು ಕೆಲಸ ಆದ ಹಾಗೆ. ಏನು ಮಾಡಬೇಕಿತ್ತು ಎಂಬುದು ಅಂದಾಜುಪಟ್ಟಿಯಲ್ಲಿ, ಹಾಳಾದರೆ ಯಾರು, ಎಷ್ಟು ಕಾಲದವರೆಗೆ ಹೊಣೆ ಎಂಬುದು ಕರಾರಿನಲ್ಲಿ, ಏನು ಮಾಡಿದೆವೆಂದು ಬರೆದುಕೊಂಡರು ಎಂಬುದು ಅಳತೆ ಪುಸ್ತಕದಲ್ಲಿ ಇರುತ್ತದೆ.

ಅಳತೆ ಪುಸ್ತಕಕ್ಕೆ ಕಚೇರಿಯಲ್ಲಿ ಎಲ್ಲರೂ ಎಂ.ಬಿ. ಎನ್ನುತ್ತಾರೆ. ನೀವೂ ಹಾಗೇ ಹೇಳಿ, ಬೇಗ ಅರ್ಥವಾಗುತ್ತದೆ. ಅದರಲ್ಲಿ ಮೊದಲು ದಿನಾಂಕ ನೋಡಿ. ಡಾಂಬರಿನ ಕೆಳಗಿನ ಜಲ್ಲಿ ಪದರದ ಅಳತೆಯನ್ನು ಡಾಂಬರು ಮುಚ್ಚುವ ಮೊದಲೇ ಬರೆದಿರಬೇಕು. ಜಲ್ಲಿ, ಅಂಟುಪದರ, ಡಾಂಬರು ಮೂರಕ್ಕೂ ಒಂದೇ ದಿನಾಂಕ, ಒಂದೇ ಕೈಬರಹ, ಒಂದೇ ಶಾಯಿ ಇದ್ದರೆ ಪುಸ್ತಕವನ್ನು ಬರೆದದ್ದು ಸ್ಥಳದಲ್ಲಲ್ಲ, ಮೇಜಿನ ಮೇಲೆ. ಆಮೇಲೆ ದಪ್ಪದ ಕಾಲಂ. ಆರು ಕಡೆ ಅಳೆದು ಆರೂ ಕಡೆ ಕರಾರುವಾಕ್ಕಾಗಿ 25 ಮಿಲಿಮೀಟರ್ ಬಂದಿದೆ ಎಂದರೆ ನಂಬುವುದು ಕಷ್ಟ, ನಿಜವಾದ ರಸ್ತೆ 23, 27, 25 ಎಂದು ಹೊಯ್ದಾಡುತ್ತದೆ. ಕಿರಿಯ ಎಂಜಿನಿಯರರ ಅಳತೆಯನ್ನು ಮೇಲಿನ ಎಂಜಿನಿಯರರು ತಪಾಸಣೆ ಮಾಡಿ ಸಹಿ ಹಾಕಿದ್ದಾರೆಯೇ ಎಂಬುದನ್ನೂ ನೋಡಿ. ಬಿಲ್ಲಿನ ಜೊತೆ ಡಾಂಬರು ಖರೀದಿಯ ಇನ್‌ವಾಯ್ಸ್ ಇರಬೇಕು. ಮಿಶ್ರಣದಲ್ಲಿ ಡಾಂಬರು ಶೇ 5ರಷ್ಟು ಎಂದುಕೊಂಡರೂ 34 ಟನ್ನಿಗೆ 1.7 ಟನ್ ಆಗುತ್ತದೆ. ಒಂದೇ ಇನ್‌ವಾಯ್ಸು ನಾಲ್ಕು ರಸ್ತೆಗಳ ಬಿಲ್ಲಿನಲ್ಲಿ ಕಾಣಿಸಿಕೊಂಡರೆ ಆಕ್ಷೇಪ ಎತ್ತಲು ಅಷ್ಟೇ ಸಾಕು.

ಕರಾರಿನಲ್ಲಿ ‘ದೋಷ ಹೊಣೆಗಾರಿಕೆ ಅವಧಿ’ ಎಂಬ ಕಲಂ ಹುಡುಕಿ. ಆ ಅವಧಿಯೊಳಗೆ ಕಿತ್ತುಹೋದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಮಾಡಬೇಕು. ಮಾಡದಿದ್ದರೆ ಬಿಲ್ಲಿನಲ್ಲಿ ಹಿಡಿದಿಟ್ಟ ಭದ್ರತಾ ಠೇವಣಿಯಿಂದ ನಗರಸಭೆಯೋ ಪುರಸಭೆಯೋ ಮಾಡಿಸಿಕೊಳ್ಳಬಹುದು. ಹಾಗಾಗಿ ದೂರಿನಲ್ಲಿ ‘ರಸ್ತೆ ಸರಿಯಿಲ್ಲ’ ಎಂದಷ್ಟೇ ಬರೆಯಬೇಡಿ. ‘ದೋಷ ಹೊಣೆಗಾರಿಕೆ ಅವಧಿ ಮುಗಿಯುವ ಮೊದಲು ದುರಸ್ತಿ ಮಾಡಿಸಬೇಕು, ಅಲ್ಲಿಯವರೆಗೆ ಭದ್ರತಾ ಠೇವಣಿ ಬಿಡುಗಡೆ ಮಾಡಬಾರದು’ ಎಂದು ಬರೆಯಿರಿ. ಈ ಒಂದು ಸಾಲು ಕಡತದಲ್ಲಿ ಕೂತರೆ ಠೇವಣಿ ಬಿಡುಗಡೆಗೆ ಸಹಿ ಹಾಕುವವರ ಕೈ ತಡೆಯುತ್ತದೆ. ಪತ್ರ ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ ಹೋಗಲಿ. ಪತ್ರದ ಒಂದು ನಕಲನ್ನು ಕಾರವಾರದ ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ ಕಳಿಸಿ. ಟಪಾಲು ವಿಭಾಗದ ಮೊಹರು, ಸ್ವೀಕೃತಿ ಸಂಖ್ಯೆ ಇಲ್ಲದೆ ಹೊರಗೆ ಬರಬೇಡಿ. ಬಾಯಲ್ಲಿ ಹೇಳಿದ ದೂರಿಗೆ ಕಡತ ಹುಟ್ಟುವುದಿಲ್ಲ.

ಮಾಹಿತಿ ಹಕ್ಕಿನಲ್ಲಿ ಐದು ವರ್ಷದ ಎಲ್ಲ ಕಾಮಗಾರಿಗಳ ವಿವರ ಕೇಳಿದ್ದೆ. ‘ಒಂದಕ್ಕಿಂತ ಹೆಚ್ಚು ವಿಷಯ’ ಎಂದು ಅರ್ಜಿ ವಾಪಸು ಬಂತು. ಮತ್ತೊಮ್ಮೆ ಹಾಕಿದರೆ ‘ಕಡತ ಲಭ್ಯವಿಲ್ಲ’ ಎಂದರು. ಹೇಗೆ ಬರೆಯಬೇಕು?

ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಐದು ವರ್ಷದ್ದು ಒಟ್ಟಿಗೆ ಕೇಳಿ ಅವರ ಕೈಗೆ ನೀವೇ ನೆಪ ಕೊಟ್ಟಿರಿ. ಒಂದು ಕಾಮಗಾರಿಗೆ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ. ಅರ್ಜಿಯ ಒಕ್ಕಣೆ ಹೀಗಿದ್ದರೆ ಸಾಕು:

‘ಇಂಥ ವಾರ್ಡಿನ ಇಂಥವರ ಮನೆಯಿಂದ ಇಂಥ ವೃತ್ತದವರೆಗಿನ ರಸ್ತೆ ಡಾಂಬರೀಕರಣ ಕಾಮಗಾರಿಗೆ ಸಂಬಂಧಿಸಿ (1) ಮಂಜೂರಾದ ಅಂದಾಜುಪಟ್ಟಿ, (2) ಕರಾರು ಪತ್ರ ಮತ್ತು ಕಾರ್ಯಾದೇಶ, (3) ಅಳತೆ ಪುಸ್ತಕದ ಸಂಬಂಧಿತ ಪುಟಗಳು, (4) ಗುಣಮಟ್ಟ ಪರೀಕ್ಷಾ ವರದಿ, (5) ಪಾವತಿಸಿದ ಬಿಲ್ಲುಗಳು ಇವುಗಳ ದೃಢೀಕೃತ ಪ್ರತಿ ಒದಗಿಸುವುದು. ಜೊತೆಗೆ ಸದರಿ ಕಡತವನ್ನು ಖುದ್ದು ಪರಿಶೀಲಿಸಲು ದಿನ ನಿಗದಿಪಡಿಸುವುದು.’

‘ಯಾಕೆ ಕಳಪೆ ಮಾಡಿದಿರಿ’, ‘ಯಾರ ಮೇಲೆ ಕ್ರಮ ಕೈಗೊಳ್ಳುವಿರಿ’ ಎಂಬ ಪ್ರಶ್ನೆ ಅರ್ಜಿಯಲ್ಲಿ ಬೇಡ. ಇರುವ ದಾಖಲೆ ಕೊಡುವುದಷ್ಟೇ ಮಾಹಿತಿ ಅಧಿಕಾರಿಯ ಕೆಲಸ, ಸಮಜಾಯಿಷಿ ಕೊಡುವುದಲ್ಲ. ಅಂಥ ಒಂದು ಸಾಲಿದ್ದರೆ ಇಡೀ ಅರ್ಜಿಗೆ ‘ಇದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ’ ಎಂಬ ಉತ್ತರ ಬರುತ್ತದೆ. ಸಾಲಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತಿದ್ದರೆ ಅದನ್ನು ತೆಗೆದು ಇನ್ನೊಮ್ಮೆ ಬರೆಯಿರಿ.

ಕೆಲವರಿಗೆ ತಿಳಿಯದ ಒಂದು ಸಂಗತಿ: 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಕಾಗದಕ್ಕೆ ಮಾತ್ರ ಸೀಮಿತವಲ್ಲ. ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ. ರಸ್ತೆಯಿಂದ ಕೊರೆದ ತುಂಡನ್ನೇ ಕೇಳಬಹುದು. ಕೊಡುವ ಉತ್ಸಾಹ ಕಚೇರಿಗಳಲ್ಲಿ ಕಡಿಮೆ, ಆದರೆ ಕೇಳಿದ್ದು ಮಾತ್ರ ದಾಖಲಾಗುತ್ತದೆ.

‘ಕಡತ ಲಭ್ಯವಿಲ್ಲ’ ಎಂಬುದು ಮಾಹಿತಿ ನಿರಾಕರಿಸಲು ಕಾಯ್ದೆ ಕೊಟ್ಟ ಕಾರಣಗಳಲ್ಲಿ ಇಲ್ಲ. ಉತ್ತರ ಬಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಮೇಲ್ಮನವಿ ಪ್ರಾಧಿಕಾರಿ ಯಾರು ಎಂಬುದನ್ನು ಉತ್ತರದ ಪತ್ರದಲ್ಲೇ ಬರೆದಿರಬೇಕು. ಮೇಲ್ಮನವಿಯಲ್ಲಿ, ಹಣ ಪಾವತಿಯಾದ ಕಾಮಗಾರಿಯ ಕಡತ ಕಳೆದಿದ್ದರೆ ಅದಕ್ಕೆ ಹೊಣೆ ಯಾರು, ಕಡತ ಮರುಸೃಷ್ಟಿಗೆ ಏನು ಕ್ರಮವಾಗಿದೆ ಎಂಬುದು ದಾಖಲಾಗಬೇಕೆಂದು ಕೋರಿ. ಅಳತೆ ಪುಸ್ತಕಗಳಿಗೆ ಸಂಖ್ಯೆ ಇರುತ್ತದೆ, ಯಾರಿಗೆ ಯಾವ ಪುಸ್ತಕ ಕೊಟ್ಟರು ಎಂಬ ವಹಿ ಬೇರೆಯೇ ಇರುತ್ತದೆ. ಕಡತ ಇಲ್ಲವೆಂದರೆ ಆ ವಹಿ ಕೇಳಿ. ‘ಗುತ್ತಿಗೆದಾರರ ಮಾಹಿತಿ, ಮೂರನೇ ವ್ಯಕ್ತಿಯದು’ ಎಂಬ ಉತ್ತರಕ್ಕೂ ಹೆದರಬೇಕಾಗಿಲ್ಲ. ಮೂರನೇ ವ್ಯಕ್ತಿಗೆ ತನ್ನ ಮಾತು ಹೇಳಿಕೊಳ್ಳಲು ಅವಕಾಶವುಂಟು, ತಡೆಯುವ ಅಧಿಕಾರ ಇಲ್ಲ. ಮೊದಲ ಮೇಲ್ಮನವಿಯಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು. ಅಲ್ಲಿ ತಡವಾಗುತ್ತದೆ, ಅದಕ್ಕೆ ಸಿದ್ಧರಾಗಿರಿ. 30 ದಿನ ಕಳೆದ ಮೇಲೆ ಕೊಡುವ ಮಾಹಿತಿಗೆ ಪುಟದ ಶುಲ್ಕ ಕೇಳುವಂತಿಲ್ಲ.

ಒಂದೇ ಗಟಾರವನ್ನು ನಾಲ್ಕು ಕಾಮಗಾರಿ ಎಂದು ತೋರಿಸಿ, ಪ್ರತಿಯೊಂದೂ 5 ಲಕ್ಷದ ಒಳಗೆ ಬರುವಂತೆ ಮಾಡಿದ್ದಾರೆ. ನಾಲ್ಕೂ ಒಬ್ಬರಿಗೇ. ಇದು ಸರಿಯೇ?

ಟೆಂಡರ್ ತಪ್ಪಿಸಲೆಂದೇ ಒಡೆದಿದ್ದರೆ ಸರಿಯಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999ರಲ್ಲಿ 5 ಲಕ್ಷದವರೆಗಿನ ಕಾಮಗಾರಿಗೆ ವಿನಾಯಿತಿ ಇದೆ. ಒಡೆದುಹೋದ ಪೈಪು, ಕುಸಿದ ಮೋರಿಯಂಥ ಸಣ್ಣ ಕೆಲಸಕ್ಕೆ ಟೆಂಡರ್ ಕರೆದು ಕೂರಬಾರದು ಎಂಬುದಕ್ಕೆ ಅದು ಬೇಕೇ ಬೇಕು. ಆ ಕಿಂಡಿಯಲ್ಲಿ 20 ಲಕ್ಷದ ಗಟಾರವನ್ನು ನಾಲ್ಕು ತುಂಡು ಮಾಡಿ ತೂರಿಸುವುದನ್ನೇ ಊರವರು ತುಂಡುಗುತ್ತಿಗೆ ಎನ್ನುವುದು.

ಸಾಬೀತು ಮಾಡುವುದು ಅಷ್ಟೇನೂ ಕಷ್ಟವಿಲ್ಲ. ನಾಲ್ಕೂ ಅಂದಾಜುಪಟ್ಟಿಗಳನ್ನು ಒಟ್ಟಿಗೆ ಹರಡಿ. ಒಂದು 0ಯಿಂದ 60 ಮೀಟರ್, ಇನ್ನೊಂದು 60ರಿಂದ 120 ಮೀಟರ್ ಹೀಗೆ ಚೈನೇಜು, ಅಂದರೆ ಆರಂಭದಿಂದ ಅಳೆದ ದೂರ, ಒಂದಕ್ಕೊಂದು ಕೂಡಿಕೊಂಡಿದೆಯೇ? ತಾಂತ್ರಿಕ ಮಂಜೂರಾತಿಯ ದಿನಾಂಕ ಒಂದೇ ಇದೆಯೇ? ಮೊತ್ತ 4.95 ಲಕ್ಷ, 4.98 ಲಕ್ಷ ಎಂದು ಗೆರೆಗೆ ತಾಗಿ ನಿಂತಿದೆಯೇ? ಕಾಮಗಾರಿಯ ಹೆಸರಿನಲ್ಲಿ ಮಾತ್ರ ‘ಇಂಥವರ ಮನೆ ಹತ್ತಿರ’, ‘ಅಂಗಡಿ ಎದುರು’ ಎಂದು ಬದಲಾವಣೆ ಇರುತ್ತದೆ. ಈ ನಾಲ್ಕು ಹಾಳೆಗಳ ಪ್ರತಿ ಜೋಡಿಸಿದ ದೂರು, ಹತ್ತು ಪುಟದ ಆವೇಶದ ದೂರಿಗಿಂತ ಹೆಚ್ಚು ನಿಲ್ಲುತ್ತದೆ. ಪೌರಸಂಸ್ಥೆಗಳ ಲೆಕ್ಕವನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ತಪಾಸಣೆ ಮಾಡುತ್ತದೆ, ಹಿಂದಿನ ವರ್ಷಗಳ ವರದಿಯಲ್ಲಿ ಇಂಥದೇ ಆಕ್ಷೇಪಣಾ ಕಂಡಿಕೆ ಇದೆಯೇ ಎಂದು ಆ ವರದಿಯನ್ನೂ ತರಿಸಿ ನೋಡಿ. ಇದ್ದರೆ, ಅದಕ್ಕೆ ಕೊಟ್ಟ ಅನುಪಾಲನಾ ವರದಿ ಕೇಳಿ. ಅಲ್ಲಿ ಬಹಳ ಸಲ ‘ಮುಂದೆ ಪುನರಾವರ್ತನೆಯಾಗದಂತೆ ಎಚ್ಚರ ವಹಿಸಲಾಗುವುದು’ ಎಂದಿರುತ್ತದೆ. ನಿಮ್ಮ ದೂರಿಗೆ ಅದಕ್ಕಿಂತ ಒಳ್ಳೆಯ ಲಗತ್ತು ಇಲ್ಲ.

ಇದರ ಉಲ್ಟಾ ಆಟವೂ ಇದೆ. ಹತ್ತಾರು ವಾರ್ಡಿನ ಬಿಡಿಬಿಡಿ ಕೆಲಸಗಳನ್ನು ಒಂದೇ ಪ್ಯಾಕೇಜು ಮಾಡಿ, ಊರಿನ ಸಣ್ಣ ಗುತ್ತಿಗೆದಾರರಿಗೆ ಅರ್ಹತೆಯೇ ಸಿಗದಂತೆ ವಹಿವಾಟಿನ ಷರತ್ತು ಹಾಕುವುದು. ಇದು ಮೇಲ್ನೋಟಕ್ಕೆ ಅಚ್ಚುಕಟ್ಟು ಟೆಂಡರ್. ಇನ್ನು ಕೆಲವು ಕೆಲಸ ಇದೇ ಕಾಯ್ದೆಯ ಕಲಂ 4(ಜಿ)ಯ ಟೆಂಡರ್ ವಿನಾಯಿತಿಯಲ್ಲಿ ಸರ್ಕಾರಿ ಏಜೆನ್ಸಿಗೆ ನೇರವಾಗಿ ಹೋಗುತ್ತದೆ. ಆಗ ‘ನಮ್ಮದಲ್ಲ, ಏಜೆನ್ಸಿಯವರದು’ ಎಂದು ನಗರಸಭೆ ಕೈ ತೊಳೆದುಕೊಳ್ಳುವುದುಂಟು. ಹಣ ಯಾರ ಖಾತೆಯಿಂದ ಹೋಯಿತೋ ಅವರೇ ಕೆಲಸ ನೋಡಿಕೊಳ್ಳಬೇಕು.

ಟೆಂಡರ್ ನಿರ್ಧಾರದ ವಿರುದ್ಧ ಈ ಕಾಯ್ದೆಯಡಿ ಮೇಲ್ಮನವಿ ಹಾಕಲು ಅವಕಾಶ ಇರುವುದು ಟೆಂಡರ್ ಹಾಕಿದವರಿಗೆ ಮಾತ್ರ, ಊರಿನ ನಾಗರಿಕರಿಗೆ ಅಲ್ಲ. ನಿಮ್ಮ ದಾರಿ ಲೆಕ್ಕಪರಿಶೋಧನೆ, ಜಿಲ್ಲಾಧಿಕಾರಿ, ಕೊನೆಗೆ ಲೋಕಾಯುಕ್ತ. ಲೋಕಾಯುಕ್ತಕ್ಕೆ ಬಿಳಿ ಹಾಳೆಯ ಮೇಲಿನ ಅರ್ಜಿ ಸಾಲದು, ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ ಎರಡೂ ಬೇಕು. ಘಟನೆ ನಡೆದು 5 ವರ್ಷ ದಾಟಿದ್ದರೆ ಆರೋಪವನ್ನು ತನಿಖೆಗೆ ತೆಗೆದುಕೊಳ್ಳುವುದಿಲ್ಲ. ಸುಳ್ಳು ದೂರಿಗೆ ಶಿಕ್ಷೆಯಿದೆ, ಆದ್ದರಿಂದ ದಾಖಲೆಯಲ್ಲಿ ಇದ್ದಷ್ಟನ್ನೇ ಬರೆಯಿರಿ.

ಪ್ರತಿ ಮೇ ತಿಂಗಳಲ್ಲಿ ಗಟಾರದ ಹೂಳೆತ್ತುವ ಗುತ್ತಿಗೆ ಕೊಡುತ್ತಾರೆ. ಎತ್ತಿದ ಹೂಳು ದಂಡೆಯ ಮೇಲೇ ಇರುತ್ತದೆ, ಮಳೆ ಬಂದ ಮೇಲೆ ಮತ್ತೆ ಒಳಗೆ. ಸಮುದ್ರಕ್ಕೆ ಹತ್ತಿರದ ಓಣಿ ನಮ್ಮದು, ನೀರು ಮನೆಗೆ ಬರುತ್ತದೆ.

ಹೂಳೆತ್ತುವುದಕ್ಕೆ ಬಿಲ್ಲು ಹೇಗೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಉದ್ದದ ಮೀಟರ್ ಲೆಕ್ಕದಲ್ಲಿ ಕೊಡುವ ಗುತ್ತಿಗೆಯಾದರೆ ಗುತ್ತಿಗೆದಾರನಿಗೆ ಆಳ ಬೇಕಾಗಿಯೇ ಇಲ್ಲ, ಮೇಲೆ ಮೇಲೆ ಕೆರೆದು ಮುಂದೆ ಹೋದಷ್ಟೂ ಲಾಭ. ಜೆಸಿಬಿ ಗಂಟೆ ಲೆಕ್ಕವಾದರೆ ನಿಧಾನಕ್ಕೇ ಲಾಭ. ಘನಮೀಟರ್ ಲೆಕ್ಕದಲ್ಲಿ, ಮುಂಚಿನ ಮತ್ತು ನಂತರದ ಆಳ ಎರಡನ್ನೂ ಅಳೆದು, ಹೂಳನ್ನು ಬೇರೆ ಕಡೆ ಸಾಗಿಸಿದ ಮೇಲೆ ಕೊಡುವ ಬಿಲ್ಲೇ ಸರಿ.

ಅಳೆಯಲು ಒಂದು ಕಬ್ಬಿಣದ ಸರಳು ಸಾಕು. ಕೆಲಸ ಶುರುವಾಗುವ ಮುಂಚೆ ಗಟಾರದ ಅಂಚಿನಿಂದ ಹೂಳಿನ ಮೇಲ್ಮೈವರೆಗೆ, ಮತ್ತೆ ಸರಳನ್ನು ತಳದ ಕಾಂಕ್ರೀಟಿಗೆ ತಾಗುವವರೆಗೆ ಚುಚ್ಚಿ ಅಳೆಯಿರಿ, ಎರಡರ ವ್ಯತ್ಯಾಸವೇ ಹೂಳು. 60 ಸೆಂಟಿಮೀಟರ್ ಅಗಲದ ಗಟಾರದಲ್ಲಿ 30 ಸೆಂಟಿಮೀಟರ್ ಹೂಳಿದ್ದರೆ 100 ಮೀಟರಿಗೆ 18 ಘನಮೀಟರ್ ಬರಬೇಕು. ಒಂದು ಟ್ರ್ಯಾಕ್ಟರ್ ಟ್ರೇಲರಿಗೆ ಸುಮಾರು 3 ಘನಮೀಟರ್ ಎಂದರೆ ಆರು ಟ್ರಿಪ್. ಎರಡು ಟ್ರಿಪ್ ಹೋಗಿದ್ದರೆ ಉಳಿದದ್ದು ಗಟಾರದಲ್ಲೇ ಇದೆ ಅಥವಾ ದಂಡೆಯ ಮೇಲಿದೆ. ಹಸಿ ಹೂಳಿನ ನೀರು ಬಸಿಯಲು ಒಂದೆರಡು ದಿನ ದಂಡೆಯಲ್ಲಿಡುವುದು ತಪ್ಪಲ್ಲ. ಜೂನ್ ಬಂದರೂ ಅಲ್ಲೇ ಇದ್ದರೆ ಬಿಲ್ಲು ಕೊಡಬಾರದೆಂದು ಬರೆದು ಕೊಡಿ. ‘ಮುನ್ನ’ ಮತ್ತು ‘ನಂತರ’ದ ಫೋಟೋ ಕಡತದಲ್ಲಿರಬೇಕು, ಎರಡನ್ನೂ ಒಂದೇ ಜಾಗದಲ್ಲಿ ತೆಗೆದಿದ್ದಾರೆಯೇ ಎಂದು ನೋಡಿ.

ಕಡಲಬದಿಯ ಊರಿಗೆ ಇನ್ನೊಂದು ತಾಪತ್ರಯ ಉಂಟು. ಗಟಾರ ಖಾಲಿಯಿದ್ದರೂ ಭರತದ ಹೊತ್ತಿನಲ್ಲಿ ಸಮುದ್ರದ ನೀರು ಗಟಾರ ಕಡಲಿಗೆ ಸೇರುವ ಕೋಡಿ ಬಾಯಿಯಿಂದ ಒಳಕ್ಕೆ ಒತ್ತುತ್ತದೆ, ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಇನ್ನೂ ಜೋರು. ಅದೇ ಹೊತ್ತಿಗೆ ದೊಡ್ಡ ಮಳೆ ಬಿದ್ದರೆ ಮೇಲಿನ ನೀರಿಗೆ ಹೋಗಲು ದಾರಿಯಿಲ್ಲ. ಅಲೆ ತಂದು ಹಾಕಿದ ಮರಳಿನ ದಿಬ್ಬ ಬಾಯಿ ಮುಚ್ಚಿದ್ದರಂತೂ ಇಳಿತದಲ್ಲೂ ಹೋಗುವುದಿಲ್ಲ. ಮೇಲಿನ ಓಣಿಗಳನ್ನು ಚೊಕ್ಕ ಮಾಡಿ ಬಾಯಿ ಬಿಟ್ಟರೆ ನೀರು ಇನ್ನೂ ಬೇಗ ಕೆಳಗಿನ ಮನೆಗಳಿಗೆ ಬರುತ್ತದೆ, ಅಷ್ಟೇ. ಹೂಳೆತ್ತುವ ಕೆಲಸ ಬಾಯಿಯಿಂದ ಶುರುವಾಗಿ ಮೇಲಕ್ಕೆ ಬರಬೇಕು, ಮಳೆಗಾಲದಲ್ಲಿ ಬಾಯಿ ಬಿಡಿಸುವ ಕೆಲಸ ಒಂದೇ ಸಲಕ್ಕೆ ಮುಗಿಯದೆ ಆಗಾಗ ನಡೆಯಬೇಕು. ನಿಮ್ಮ ಗುತ್ತಿಗೆಯಲ್ಲಿ ಈ ಎರಡನೆಯದು ಇದೆಯೇ ಎಂದು ಕೇಳಿ. ನಮ್ಮ ಅನುಭವದಲ್ಲಿ ಬಿಟ್ಟುಹೋಗುವುದು ಇದೇ.

ಹೊಸ ಗಟಾರ ಮತ್ತು ಮುಚ್ಚಳದ ಸ್ಲ್ಯಾಬ್ ಆಗುತ್ತಿದ್ದರೆ ಇನ್ನೊಂದನ್ನು ಗಮನಿಸಿ. ಉಪ್ಪುಗಾಳಿಯ ಕರಾವಳಿಯಲ್ಲಿ ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಐಎಸ್ 456 ಮಾನಕ ಹೇಳುವುದು ಕನಿಷ್ಠ ಎಂ-30 ದರ್ಜೆ, ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ. ಘಟ್ಟದ ಮೇಲಿನ ಊರಿನ ಅಂದಾಜನ್ನೇ ನಕಲು ಮಾಡಿ ಎಂ-20, 20 ಮಿಲಿಮೀಟರ್ ಎಂದು ಹಾಕಿದರೆ ಕೆಲವೇ ವರ್ಷಗಳಲ್ಲಿ ಸರಳು ತುಕ್ಕು ಹಿಡಿದು ಉಬ್ಬಿ ಸ್ಲ್ಯಾಬಿನ ತಳ ಉದುರುತ್ತದೆ. ಹೊಳೆಬಾಯಿಯ ಉಪ್ಪುಮರಳು ಹಾಕಿದರೆ ಇನ್ನೂ ಬೇಗ. ಕಾಂಕ್ರೀಟು ಸುರಿಯುವ ದಿನ ಸರಳಿನ ಕೆಳಗೆ ಕವರ್ ಬ್ಲಾಕ್, ಅಂದರೆ ಸರಳನ್ನು ತಳದಿಂದ ಎತ್ತಿ ಹಿಡಿಯುವ ಸಣ್ಣ ತುಂಡುಗಳು, ಇವೆಯೇ ನೋಡಿ. ಅದರ ಬದಲು ಜಲ್ಲಿಕಲ್ಲು ಇಟ್ಟಿದ್ದರೆ ಅಲ್ಲೇ, ಆಗಲೇ ಹೇಳಿ. ಸುರಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಕಸದ ಗಾಡಿ ದಿನ ಬಿಟ್ಟು ದಿನ ಬರುತ್ತದೆ. ಗುತ್ತಿಗೆಯವರಿಗೆ ಪೂರ್ತಿ ತಿಂಗಳ ಬಿಲ್ಲು ಹೋಗುತ್ತದಂತೆ. ಪತ್ತೆ ಹೇಗೆ?

‘ಅಂತೆ’ಯನ್ನು ಬಿಟ್ಟು ಶುರುಮಾಡೋಣ. ಓಣಿಯ ಎರಡು ಮೂರು ಮನೆಯವರು ಕ್ಯಾಲೆಂಡರಿನಲ್ಲಿ ಗಾಡಿ ಬಂದ ದಿನಕ್ಕೆ ಗುರುತು ಹಾಕಿ, ಗಾಡಿಯ ನಂಬರು ಬರೆದಿಡಿ. ತಿಂಗಳು ಮುಗಿದ ಮೇಲೆ ಅದೇ ತಿಂಗಳ ವಾಹನದ ಲಾಗ್‌ಬುಕ್, ಡೀಸೆಲ್ ವಹಿ, ವಿಲೇವಾರಿ ಘಟಕದ ತೂಕದ ಚೀಟಿ, ಜಿಪಿಎಸ್ ಇದ್ದರೆ ಅದರ ವರದಿ ಕೇಳಿ. ಲಾಗ್‌ಬುಕ್ಕಿನಲ್ಲಿ ದಿನವೂ ಅಷ್ಟೇ ಕಿಲೋಮೀಟರು, ತೂಕದ ಚೀಟಿಯಲ್ಲಿ ಭಾನುವಾರವೂ ಹಬ್ಬದ ಮರುದಿನವೂ ಒಂದೇ ತೂಕ ಇದ್ದರೆ ಅದು ಬರೆದ ಲೆಕ್ಕ, ತೂಗಿದ ಲೆಕ್ಕವಲ್ಲ. ಗಣೇಶ ಚೌತಿಯ ಮರುದಿನ ಕಸ ಹೆಚ್ಚಾಗದ ಊರು ನಮ್ಮ ಜಿಲ್ಲೆಯಲ್ಲಿ ಇಲ್ಲ.

ಚಾಲಕರು, ಲೋಡರುಗಳು ಹೊರಗುತ್ತಿಗೆಯಲ್ಲಿದ್ದರೆ ಅವರ ಭವಿಷ್ಯನಿಧಿ, ಇಎಸ್‌ಐ ಕಟ್ಟಿದ ಚಲನ್ ಕೂಡ ಪ್ರತಿ ಬಿಲ್ಲಿನ ಜೊತೆ ಇರಬೇಕು. ಇಎಸ್‌ಐಗೆ ಮಾಲೀಕರ ಪಾಲು ಸಂಬಳದ ಶೇ 3.25, ನೌಕರರ ಪಾಲು ಶೇ 0.75. ಭವಿಷ್ಯನಿಧಿಗೆ ಇಬ್ಬರದೂ ಶೇ 12. ಬಿಲ್ಲಿನಲ್ಲಿ 14 ಜನ, ಚಲನ್ನಿನಲ್ಲಿ 9 ಜನ ಇದ್ದರೆ ಐದು ಜನ ಕಾಗದದ ಮೇಲಷ್ಟೇ ದುಡಿಯುತ್ತಿದ್ದಾರೆ, ಇಲ್ಲವೇ ದುಡಿಯುತ್ತಿದ್ದರೂ ಅವರ ಹಣ ಕಟ್ಟಿಲ್ಲ. ಎರಡರಲ್ಲಿ ಯಾವುದಾದರೂ ತಪ್ಪೇ. ದೂರು ಬರೆಯುವಾಗ ಗಾಡಿಯವರ ಮೇಲೆ ಬರೆಯಬೇಡಿ. ಡೀಸೆಲ್ ಹಾಕಿಸದ ದಿನ ಗಾಡಿ ನಿಂತರೆ ಬೈಗುಳ ತಿನ್ನುವವರು ಅವರೇ.

ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಡುತ್ತಾರೆ. 5,000 ಲೀಟರ್ ಎಂದು ಬರೆದ ಟ್ಯಾಂಕರಿನಲ್ಲಿ ಅಷ್ಟು ನೀರು ಇರುತ್ತದೆಯೇ? ನೀರು ಕೆಲವೊಮ್ಮೆ ಉಪ್ಪೂ ಇರುತ್ತದೆ.

ಟೇಪು ತೆಗೆದುಕೊಂಡು ಹೋಗಿ. ದುಂಡನೆಯ ಟ್ಯಾಂಕರಾದರೆ ಅಡ್ಡಳತೆಯ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಉದ್ದದಿಂದ ಗುಣಿಸಿ. ಅಡ್ಡಳತೆ 1.2 ಮೀಟರ್, ಉದ್ದ 3.5 ಮೀಟರ್ ಇದ್ದರೆ 3.96 ಘನಮೀಟರ್, ಅಂದರೆ 4,000 ಲೀಟರಿಗೂ ಸ್ವಲ್ಪ ಕಡಿಮೆ. ಹೊರಗೆ ದೊಡ್ಡದಾಗಿ 5,000 ಎಂದು ಬರೆದಿದ್ದರೂ ಅದರೊಳಗೆ ಹೋಗುವುದು ಅಷ್ಟೇ. ಟ್ರಿಪ್ಪಿಗೆ 1,000 ಲೀಟರ್ ಕಡಿಮೆಯಾದರೆ ಒಂದು ಬೇಸಿಗೆಯಲ್ಲಿ ಎಷ್ಟಾಗುತ್ತದೆ ಎಂಬುದನ್ನು ಟ್ರಿಪ್ ಚೀಟಿಗಳಿಂದ ಲೆಕ್ಕ ಹಾಕಬಹುದು. ಟ್ರಿಪ್ ಚೀಟಿಯಲ್ಲಿ ಓಣಿಯವರೊಬ್ಬರ ಸಹಿ ಇರಬೇಕೆಂಬ ಷರತ್ತು ಕರಾರಿನಲ್ಲಿದೆಯೇ ನೋಡಿ. ಇದ್ದರೆ ಖಾಲಿ ಚೀಟಿಗೆ ಸಹಿ ಹಾಕಬೇಡಿ. ಗಾಡಿಯವರು ‘ಅಕ್ಕಾ, ಹತ್ತು ಚೀಟಿಗೆ ಒಟ್ಟಿಗೆ ಹಾಕಿಬಿಡಿ’ ಎಂದು ಕೇಳುತ್ತಾರೆ, ಮುಲಾಜಿಗೆ ಹಾಕಿಕೊಟ್ಟರೆ ಆಮೇಲೆ ನಿಮ್ಮ ದೂರಿಗೆ ನಿಮ್ಮದೇ ಸಹಿ ಅಡ್ಡ ಬರುತ್ತದೆ.

ಉಪ್ಪಿನ ಮಾತು ಬೇರೆ. ಏಪ್ರಿಲ್, ಮೇ ಹೊತ್ತಿಗೆ ಹೊಳೆಯ ಹರಿವು ಇಳಿದು ಉಪ್ಪುನೀರು ಮೇಲಕ್ಕೆ ಏರುತ್ತದೆ, ದಂಡೆಯ ಬಾವಿಗಳೂ ಉಪ್ಪಾಗುತ್ತವೆ. ಟ್ಯಾಂಕರಿಗೆ ಯಾವ ಬಾವಿಯಿಂದ ತುಂಬಿಸುತ್ತಾರೆ, ಆ ನೀರಿನ ಪರೀಕ್ಷೆ ಯಾವಾಗ ಆಯಿತು ಎಂದು ಕೇಳಿ. ಕುಡಿಯುವ ನೀರಿನ ಮಾನಕದಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 1,000ದವರೆಗೆ ಸಹಿಸಬಹುದು ಎಂದಿದೆ. ಸೋಂಕು ತಡೆಯಲು ನಲ್ಲಿಯ ತುದಿಯಲ್ಲೂ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕ್ಲೋರೊಸ್ಕೋಪ್ ಎಂಬ ಸಣ್ಣ ಡಬ್ಬಿಯಲ್ಲಿ ನೀರು ಹಾಕಿ ಹನಿ ಬಿಟ್ಟರೆ ಹಳದಿ ಬಣ್ಣ ಬರುತ್ತದೆ. ಬಣ್ಣವೇ ಬರದಿದ್ದರೆ ಕುದಿಸದೆ ಕುಡಿಯಬೇಡಿ. ಆ ಡಬ್ಬಿ ಪೌರಸಂಸ್ಥೆಯ ನೀರು ಸರಬರಾಜು ವಿಭಾಗದಲ್ಲಿ ಇರಬೇಕು, ನಿಮ್ಮೆದುರೇ ಪರೀಕ್ಷೆ ಮಾಡಲು ಹೇಳಿ.

ಬೀದಿದೀಪ ಹಾಳಾದರೆ ಹೆಸ್ಕಾಂ ಮತ್ತು ನಗರಸಭೆ ಒಬ್ಬರ ಮೇಲೊಬ್ಬರು ಹೇಳುತ್ತಾರೆ. ಯಾರಿಗೆ ಹೇಳಬೇಕು?

ಸಾಮಾನ್ಯವಾಗಿ ಕಂಬ ಮತ್ತು ತಂತಿ ಹೆಸ್ಕಾಂನದು, ದೀಪ, ಅದರ ಫಿಟ್ಟಿಂಗು, ಟೈಮರ್ ಪೆಟ್ಟಿಗೆ ಪೌರಸಂಸ್ಥೆಯದು. ಒಂದೇ ದೀಪ ಆರಿದ್ದರೆ ಪೌರಸಂಸ್ಥೆಗೆ ಹೇಳಿ. ಸಾಲಾಗಿ ಇಡೀ ಓಣಿಯ ದೀಪ ಆರಿ ಮನೆಗಳಲ್ಲಿ ಕರೆಂಟು ಇದ್ದರೂ ಪೌರಸಂಸ್ಥೆಗೇ, ಬಹುಶಃ ಟೈಮರ್ ಪೆಟ್ಟಿಗೆ ಉಪ್ಪುಗಾಳಿಗೆ ತುಕ್ಕು ಹಿಡಿದಿದೆ. ತಂತಿ ಜೋತಿದ್ದರೆ, ಕಂಬ ವಾಲಿದ್ದರೆ 1912ಕ್ಕೆ ಕರೆಮಾಡಿ, ಹತ್ತಿರ ಯಾರನ್ನೂ ಬಿಡಬೇಡಿ. ಕಂಬದ ಮೇಲೆ ಬರೆದ ನಂಬರು ಹೇಳಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ನಿರ್ವಹಣಾ ಗುತ್ತಿಗೆಯಲ್ಲಿ ದೂರು ಬಂದು ಎಷ್ಟು ಗಂಟೆಯೊಳಗೆ ಸರಿಮಾಡಬೇಕು, ತಪ್ಪಿದರೆ ದೀಪಕ್ಕೆ ಎಷ್ಟು ದಂಡ ಎಂದು ಬರೆದಿರುತ್ತಾರೆ. ದಂಡ ಕಡಿತ ಮಾಡಬೇಕಾದರೆ ದೂರು ದಾಖಲಾಗಿರಬೇಕು. ಬಿಲ್ ಕಲೆಕ್ಟರಿಗೆ ದಾರಿಯಲ್ಲಿ ಹೇಳಿದ್ದು ದಾಖಲಾಗುವುದಿಲ್ಲ. ಪೌರಾಡಳಿತ ಇಲಾಖೆಯ ಜನಹಿತ ಆ್ಯಪ್‌ನಲ್ಲೋ, 1902 ಸಹಾಯವಾಣಿಯಲ್ಲೋ ಹೇಳಿ, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬಂದ ರಾತ್ರಿಯೂ ದೀಪ ಉರಿಯದಿದ್ದರೆ ಅದೇ ಸಂಖ್ಯೆ ಉಲ್ಲೇಖಿಸಿ, ಕತ್ತಲೆಯ ಕಂಬದ ಫೋಟೋ ಸಮೇತ ಮತ್ತೆ ದೂರು ಹಾಕಿ.